ಏರ್, ಏರಿ, ಬೆಂಗ್ರೆ: ಎರಡು ನೆಲಗಳನ್ನು ಬೆಸೆಯುವ ಮರಳಿಗೆ ಕನ್ನಡದಲ್ಲಿ ಏನೆನ್ನಬೇಕು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಕಳೆದ ಜೂನ್‌ನಲ್ಲಿ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ ಒಂದು ವಾರದ ಪ್ರವಾಸ ಮುಗಿಸಿ ಬಂದೆ. ಎಂಟು ಜನರ ತಂಡ, ಒಂದು ವ್ಯಾನು, ಜೊತೆಗೆ ಭೂವಿಜ್ಞಾನ ಓದಿಕೊಂಡ ಒಬ್ಬ ಗೈಡ್. (ಮಾರ್ಗದರ್ಶಕರು ಎಂದು ಬರೆದರೆ ಪಿಎಚ್.ಡಿ. ನೆನಪಾಗುತ್ತದೆ, ಆದ್ದರಿಂದ ಗೈಡ್ ಎಂದೇ ಇಟ್ಟುಕೊಂಡಿದ್ದೇನೆ.) ಆ ಪ್ರವಾಸದ ಬಗ್ಗೆ ಲೇಖನ ಬರೆಯಲು ಕುಳಿತಾಗ ಬಂಡೆ, ಹಕ್ಕಿ, ಗಾಳಿ ಎಲ್ಲಕ್ಕೂ ಹೇಗೋ ಕನ್ನಡ ಒದಗಿತು, ಒಂದೇ ಒಂದು ಪದದ ಮುಂದೆ ಮಾತ್ರ ಎರಡು ದಿನಗಳಿಂದ ನಿಂತಿದ್ದೇನೆ.

ಶೆಟ್‌ಲ್ಯಾಂಡಿನ ಮುಖ್ಯ ದ್ವೀಪದ ನೈರುತ್ಯ ಕರಾವಳಿಯಲ್ಲಿ ಸೇಂಟ್ ನಿನಿಯನ್ಸ್ ಐಲ್ ಎಂಬ ಪುಟ್ಟ ದ್ವೀಪವಿದೆ. 1958ರಲ್ಲಿ ಅಲ್ಲಿನ ಹಳೆಯ ಚರ್ಚಿನ ನೆಲ ಅಗೆದಾಗ ಸ್ಕಾಟ್ಲೆಂಡಿನ ಪ್ರಾಚೀನ ನಿವಾಸಿಗಳಾದ ಪಿಕ್ಟ್ ಜನರ 28 ಬೆಳ್ಳಿಯ ವಸ್ತುಗಳು ಸಿಕ್ಕಿದ್ದರಿಂದ ಅದರ ಹೆಸರು ಕೆಲವರಿಗೆ ಗೊತ್ತಿರಬಹುದು. ನನ್ನ ತೊಡಕು ಬೆಳ್ಳಿಯದಲ್ಲ, ಅಲ್ಲಿಗೆ ಹೋಗುವ ದಾರಿಯದು. ದಡಕ್ಕೂ ದ್ವೀಪಕ್ಕೂ ನಡುವೆ ಸುಮಾರು 500 ಮೀಟರ್ ಉದ್ದಕ್ಕೆ ಬಿಳಿ ಮರಳು ಹಾಸಿಕೊಂಡಿದೆ. ಎಡಕ್ಕೂ ಬಲಕ್ಕೂ ಕಡಲು. ಎರಡೂ ಅಂಚುಗಳು ಒಳಕ್ಕೆ ಬಾಗಿರುವುದರಿಂದ ನಡು ಡಮರುವಿನ ಸೊಂಟದಂತೆ ಸಣ್ಣದಾಗಿದೆ. ಅಲ್ಲಿ ನಿಂತರೆ ಎಡಗಡೆಯ ಅಲೆ ಒಡೆದ ಸದ್ದು ಅಡಗುವ ಮೊದಲೇ ಬಲಗಡೆಯದು ಕೇಳಿಸುತ್ತದೆ. ಗೈಡ್ ಕೋಲಿನಿಂದ ಮರಳ ಮೇಲೆ ಗೆರೆ ಎಳೆದು ವಿವರಿಸಿದರು: ತೆರೆಗಳು ದ್ವೀಪವನ್ನು ಎರಡೂ ಬದಿಯಿಂದ ಬಳಸಿ ಬಾಗಿ ಬಂದು, ಅದರ ಮರೆಯಲ್ಲಿ ಒಂದಕ್ಕೊಂದು ಎದುರಾಗಿ, ಬಲ ಕಳೆದುಕೊಂಡು, ಹೊತ್ತು ತಂದ ಮರಳನ್ನು ಅಲ್ಲೇ ಇಳಿಸಿಬಿಡುತ್ತವೆ. ಚಳಿಗಾಲದ ಬಿರುಗಾಳಿಗೆ ಅದು ಸವೆದು, ಕೆಲವೊಮ್ಮೆ ನೀರು ಮೇಲೆ ಹರಿದು, ಬೇಸಗೆಯಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಭೂಗೋಳದ ಪುಸ್ತಕಗಳು ಇದನ್ನು ಟೊಂಬೊಲೊ ಎನ್ನುತ್ತವೆ. ಇಟಲಿಯ ಈ ಮಾತಿನ ಮೂಲ ಲ್ಯಾಟಿನ್ನಿನ ಟುಮುಲಸ್, ಎಂದರೆ ದಿಬ್ಬ. ಶೆಟ್‌ಲ್ಯಾಂಡಿನವರ ಮಾತು ಬೇರೆ: ಅವರಿಗೆ ಅದು ‘ಏರ್’. ಆ ದ್ವೀಪಗಳು 1469ರಲ್ಲಿ ಒತ್ತೆಯ ರೂಪದಲ್ಲಿ ಸ್ಕಾಟ್ಲೆಂಡಿನ ಕೈಗೆ ಬರುವವರೆಗೆ ಡೆನ್ಮಾರ್ಕ್-ನಾರ್ವೆಯ ಅರಸನವು. ಅಲ್ಲಿ ಆಡುತ್ತಿದ್ದ ನಾರ್ನ್ ಭಾಷೆ ಅಳಿದುಹೋದರೂ ನೆಲದ ಹೆಸರುಗಳಲ್ಲಿ ಉಳಿದುಕೊಂಡಿದೆ. ನಾರ್ನ್‌ನ ಮೂಲವಾದ, ವೈಕಿಂಗರು ಆಡುತ್ತಿದ್ದ ಹಳೆಯ ನಾರ್ಸ್ ಭಾಷೆಯ ‘ಐರ್’, ಎಂದರೆ ಹರಳುಗಲ್ಲಿನ ದಿಣ್ಣೆ, ಇಲ್ಲಿ ಏರ್ ಆಗಿದೆ. ಐಸ್‌ಲ್ಯಾಂಡಿನ ಅಕುರೇರಿ ಎಂಬ ಊರ ಹೆಸರಿನ ಕೊನೆಯಲ್ಲಿರುವುದೂ ಅದೇ.

ಈಗ ಕನ್ನಡಕ್ಕೆ ಬರುತ್ತೇನೆ. ಶಾಲೆಯ ಪುಸ್ತಕಗಳ ‘ಭೂಸಂಧಿ’ ನನಗೆ ಮೊದಲು ಹೊಳೆದ ಪದ. ಆದರೆ ಅದೇ ಶೆಟ್‌ಲ್ಯಾಂಡಿನಲ್ಲಿ ಮೇವಿಸ್ ಗ್ರಿಂಡ್ ಎಂಬ ಕಡೆ ಅಟ್ಲಾಂಟಿಕ್ ಒಂದು ಬದಿಗೆ, ಉತ್ತರ ಸಮುದ್ರದ ಕವಲು ಇನ್ನೊಂದು ಬದಿಗೆ ಇದ್ದು, ನಡುವೆ ಒಂದು ಕಲ್ಲು ಬೀಸಿ ಎಸೆದರೆ ದಾಟುವಷ್ಟೇ ನೆಲವಿದೆ. ಅದು ಗಟ್ಟಿ ಬಂಡೆಯ ನೆಲ. ಭೂಸಂಧಿ ಎಂದರೆ ಅದೇ. ಅಲೆ ತಂದಿಟ್ಟು, ಅಲೆಯೇ ಒಯ್ಯಬಹುದಾದ ಮರಳಿಗೂ ಅದೇ ಹೆಸರಿಟ್ಟರೆ, ಗೈಡ್ ಅಷ್ಟು ಹೊತ್ತು ಗೆರೆ ಎಳೆದದ್ದು ವ್ಯರ್ಥ.

ನಮ್ಮ ಕರಾವಳಿಯ ‘ಬೆಂಗ್ರೆ’ ಮತ್ತು ‘ಕೋಡಿ’ ಇನ್ನೂ ಹತ್ತಿರದವು. ಕೋಡಿ ಬೆಂಗ್ರೆಯಲ್ಲಾಗಲಿ ಮಂಗಳೂರಿನ ಕಸಬಾ ಬೆಂಗ್ರೆಯಲ್ಲಾಗಲಿ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಮರಳ ನೆಲ. ಆದರೆ ಬೆಂಗ್ರೆ ಎಂದಾಗ ಹೊಳೆ ಕಣ್ಣ ಮುಂದೆ ಬರುತ್ತದೆ, ಮನೆಗಳೂ ತೆಂಗಿನ ಮರಗಳೂ ಬರುತ್ತವೆ. ಕೋಡಿ ಎಂದರೆ ತುದಿ; ಅದು ನೀರಲ್ಲಿ ಹೋಗಿ ಮುಗಿಯಬೇಕು. ಏರ್ ಹಾಗೆ ಮುಗಿಯುವುದಿಲ್ಲ, ಆಚೆಯ ನೆಲವನ್ನು ಮುಟ್ಟುತ್ತದೆ.

ಮುಟ್ಟಿಸುವುದು ಎಂದಾಗ ‘ಸೇತು’ ನೆನಪಾಗುತ್ತದೆ. ಇಂದಿನ ಕನ್ನಡದ ಸೇತುವೆಯ ಕೆಳಗೆ ನೀರು ಹರಿಯಲೇಬೇಕು, ನಿಜ. ಆದರೆ ಸಂಸ್ಕೃತದ ಸೇತು ಕಟ್ಟು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಅದಕ್ಕೆ ನೀರನ್ನು ತಡೆಯುವ ಒಡ್ಡು ಎಂಬ ಅರ್ಥವೂ ಇದೆ. ಹಾಗಾಗಿ ‘ಮರಳುಸೇತು’ ತಪ್ಪಲ್ಲ. ನನ್ನ ಆಕ್ಷೇಪ ಇಷ್ಟೇ: ಓದುಗರ ಮನಸ್ಸು ತಕ್ಷಣ ರಾಮೇಶ್ವರಕ್ಕೆ ಹೋಗುತ್ತದೆ, ಅಲ್ಲಿಂದ ಅವರನ್ನು ಶೆಟ್‌ಲ್ಯಾಂಡಿಗೆ ಮರಳಿ ಕರೆತರುವುದು ಕಷ್ಟ.

ಕೊನೆಗೆ ನನ್ನ ಕಣ್ಣು ನಿಂತದ್ದು ‘ಏರಿ’ಯ ಮೇಲೆ. ಕೆರೆ ಏರಿಯ ಮೇಲೆ ನಡೆದವರಿಗೆ, ಅಕ್ಕಪಕ್ಕ ತಗ್ಗು, ನಡುವೆ ಉಬ್ಬಿದ ದಾರಿ ಎಂಬ ಚಿತ್ರವನ್ನು ಬಿಡಿಸಿ ಹೇಳಬೇಕಿಲ್ಲ. ಏರ್ ಮತ್ತು ಏರಿಗಳ ಸಾಮ್ಯ ಬರೀ ಆಕಸ್ಮಿಕ. ದಯವಿಟ್ಟು ಯಾರೂ ಇದರಿಂದ ವೈಕಿಂಗರಿಗೂ ದ್ರಾವಿಡರಿಗೂ ನಂಟು ಹೊಸೆಯಬೇಡಿ. ತಮಿಳಿನಲ್ಲಂತೂ ಏರಿ ಎಂದರೆ ಕೆರೆಯೇ. ‘ಮರಳೇರಿ’ ಎಂದು ಕೂಡಿಸಿದರೆ ನನ್ನ ಕಿವಿಗೆ ಹಿತವಾಗಿದೆ. ಹರಳುಗಲ್ಲಿನದಾದರೆ ‘ಹರಳೇರಿ’ ಎನ್ನಬಹುದು. ಆದರೆ ಎರಡು ಅಳುಕುಗಳಿವೆ. ಏರಿ ಎಂಬುದು ಮನುಷ್ಯರು ಮಣ್ಣು ಹೊತ್ತು ಕಟ್ಟಿದ್ದು, ಇದು ಅಲೆ ಕಟ್ಟಿದ್ದು. ಎರಡನೆಯದಾಗಿ, ‘ಮರಳೇರಿ ನಡೆದೆವು’ ಎಂದು ಬರೆದರೆ ಮರಳನ್ನು ಏರಿ ನಡೆದೆವು ಎಂದೇ ಓದಿಸಿಕೊಳ್ಳುತ್ತದೆ. ‘ಮರಳೇರಿಯ ಮೇಲೆ’ ಎಂದು ವಿಭಕ್ತಿ ಹಚ್ಚಿಯೇ ಬಳಸಿದರೆ ಈ ಎರಡನೆಯ ತೊಂದರೆ ತಪ್ಪುತ್ತದೆ.

ಬಂಡೆಯ ನಡುವೆ ಕಡಲು ಸೀಳಿಕೊಂಡು ಬಂದ ಕಿರಿದಾದ ಓಣಿಯನ್ನು ಅಲ್ಲಿನವರು ‘ಗಿಯೋ’ ಎನ್ನುತ್ತಾರೆ; ಅದಕ್ಕೆ ‘ಕಂಡಿ’ ಎಂದು ಬರೆದು ಮುಂದೆ ಹೋಗಿದ್ದೇನೆ, ಅದರಲ್ಲಿ ನನಗೆ ಗೊಂದಲವಿಲ್ಲ. ಏರ್‌ನ ಬಗ್ಗೆ ಮಾತ್ರ ಕುಂದಾಪುರದಿಂದ ಕಾರವಾರದವರೆಗಿನ ಬಳಗದವರನ್ನು ವಿಶೇಷವಾಗಿ ಕೇಳುತ್ತಿದ್ದೇನೆ. ಇಳಿತದ ಹೊತ್ತಿನಲ್ಲಿ ದಡದಿಂದ ಕಡಲೊಳಗಿನ ಬಂಡೆಗೆ ಅಥವಾ ಕುದ್ರುವಿಗೆ (ನಡುಗಡ್ಡೆಗೆ) ನಡೆದು ಹೋಗಬಹುದಾದ ಮರಳಿಗೆ ನಿಮ್ಮ ಕಡೆಯ ಮೀನುಗಾರರು ಏನೆನ್ನುತ್ತಾರೆ? ಮುರ್ಡೇಶ್ವರದ ಕಂದುಕಗಿರಿಗೆ ಮೂರು ಕಡೆ ಕಡಲಿದೆ. ನಾಲ್ಕನೆಯ ಕಡೆಯ, ಗುಡ್ಡವನ್ನು ಊರಿಗೆ ಅಂಟಿಸುವ ನೆಲಕ್ಕೆ ಅಲ್ಲಿನ ಹಿರಿಯರ ಬಾಯಲ್ಲಿ ಬೇರೆ ಹೆಸರಿದೆಯೇ?