ಹಾಲು, ಬಿಸ್ಕಿಟ್ ಬಿಟ್ಟು ಬೇರೇನೂ ಮುಟ್ಟದ ಹುಡುಗನ ಬಗ್ಗೆ

ತಂಗಿ, ನಮ್ಮ ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಕೇಳಿದೆ. ಇಷ್ಟೆಲ್ಲ ಟೈಪ್ ಮಾಡೋಕೆ ನನ್ನಿಂದ ಆಗಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಕೆಲಸ ಮಾಡುತ್ತಾ ಕೇಳು.

ಮೂರು ವರ್ಷದ ಹುಡುಗ. ಹಾಲು, ಹಾಲನ್ನ, ಚಹಾದಲ್ಲಿ ಅದ್ದಿದ ಬಿಸ್ಕಿಟ್, ಇಷ್ಟೇ ಅವನ ಊಟ. ರೊಟ್ಟಿ ಕಂಡರೆ ಮುಖ ತಿರುಗಿಸುತ್ತಾನೆ, ಪಲ್ಯ ಬಿದ್ದರೆ ತಟ್ಟೆಯನ್ನೇ ದೂಡುತ್ತಾನೆ ಅಂತ ನೀನು ಅಂದೆ. ಅದಕ್ಕೆ ಕಾಕಾ ಟಾನಿಕ್ ಹೆಸರು ಹೇಳಿದರು. ದೊಡ್ಡವ್ವ ಒಂದು ದಿನ ಉಪವಾಸ ಕೆಡವು, ತಾನೇ ದಾರಿಗೆ ಬರುತ್ತಾನೆ ಅಂದರು. ಇಬ್ಬರೂ ಬೇಜಾರು ಮಾಡಿಕೊಳ್ಳಬೇಡಿ, ಎರಡೂ ಬೇಡ. ಅಂಗನವಾಡಿಯಲ್ಲಿ ಇಂಥ ಹುಡುಗರನ್ನು ಎಷ್ಟು ಜನ ನೋಡಿದ್ದೇನೋ.

ಮೊದಲು ವಯಸ್ಸಿನ ಮಾತು. ಹುಟ್ಟಿದಾಗ 3 ಕೆಜಿ ಇದ್ದ ಕೂಸು ವರ್ಷ ತುಂಬುವಷ್ಟರಲ್ಲಿ ಸುಮಾರು 9 ಕೆಜಿ ಆಗುತ್ತದೆ. ಎರಡು ವರ್ಷ ದಾಟಿತು ಅಂದರೆ ವರ್ಷಕ್ಕೆ 2 ಕೆಜಿ ಏರಿದರೂ ಸಾಕು. ಬೆಳೆಯುವ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. ಅದೇ ಹೊತ್ತಿಗೆ ಹೊಸ ತಿನಿಸಿನ ಭಯವೂ ಶುರು. 2ರಿಂದ 6 ವರ್ಷದ ನಡುವೆ ಅದು ಜೋರು. ಓಡಾಡಿ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸಲ್ವಾ? ಗೊತ್ತಿಲ್ಲದ್ದನ್ನು ಕಂಡು ಹಿಂಜರಿಯುವುದು ಅವನಿಗೆ ಒಂದು ಕಾವಲು ಇದ್ದ ಹಾಗೆ. ಹಟಮಾರಿ ಅಂತ ಬೈಯಬೇಡ.

ಈಗ ಹಾಲಿಗೆ ಬರುತ್ತೇನೆ. ನನ್ನ ಕೇಳಿದರೆ ಅರ್ಧ ಸಮಸ್ಯೆ ಇಲ್ಲೇ ಇದೆ. ಎದ್ದ ಕೂಡಲೇ ಒಂದು ಬಾಟಲಿ, ಹತ್ತು ಗಂಟೆಗೆ ಒಂದು, ಮಧ್ಯಾಹ್ನ ಉಣ್ಣಲಿಲ್ಲ ಅಂತ ಒಂದು, ಮಲಗುವಾಗ ಇನ್ನೊಂದು. ಹತ್ತಿರ ಹತ್ತಿರ ಒಂದು ಲೀಟರ್ ಆಯಿತು. ಈ ವಯಸ್ಸಿಗೆ ದಿನಕ್ಕೆ ಬೇಕಾದದ್ದು ಸುಮಾರು 1,000 ಕ್ಯಾಲೊರಿ. ಒಂದು ಲೀಟರ್ ಹಾಲಿನಲ್ಲೇ 600ರಷ್ಟು ಬರುತ್ತದೆ, ಮೇಲೆ ಬಿಸ್ಕಿಟ್. ಇನ್ನು ರೊಟ್ಟಿಗೆ ಹೊಟ್ಟೆಯಲ್ಲಿ ಜಾಗ ಎಲ್ಲಿದೆ? ಅದಲ್ಲದೆ ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಊಟದ ಜೊತೆ ಚಹಾ ಹೋದರೆ ಇರುವ ಕಬ್ಬಿಣವೂ ಮೈಗೆ ಸರಿಯಾಗಿ ಹತ್ತುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, ನಮ್ಮ ದೇಶದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತ ಕಡಿಮೆ. ಬಡವರ ಮನೆಯಲ್ಲಿ ಮಾತ್ರ ಅಂದುಕೊಳ್ಳಬೇಡ. ಹಾಲು ಕುಡಿದು ಗುಂಡಗೆ, ಬೆಳ್ಳಗೆ ಇದ್ದಾನೆ ಅಂತ ಎಲ್ಲರೂ ಹೊಗಳುವ ಕೂಸಿನಲ್ಲೂ ಇರುತ್ತದೆ.

ಹಾಗಾಗಿ ಹಾಲು ದಿನಕ್ಕೆ ಅರ್ಧ ಲೀಟರ್ ದಾಟಬಾರದು, ಅದೂ ಲೋಟದಲ್ಲಿ. ಒಮ್ಮೆಲೇ ಕಸಿಯಬೇಡ, ಮೊದಲು ಹತ್ತು ಗಂಟೆಯ ಬಾಟಲಿ ನಿಲ್ಲಿಸು. ಚಹಾ ಪೂರ್ತಿ ಬಂದ್. ಊಟ, ನಾಷ್ಟಾ ನಡುವೆ ಎರಡು ಮೂರು ತಾಸು ನೀರು ಬಿಟ್ಟು ಏನೂ ಬೇಡ. ಅತ್ತೆಯವರಿಗೆ ನೀನು ಹೇಳೋಕೆ ಆಗದಿದ್ದರೆ ನನ್ನ ಹೆಸರು ಹೇಳು, ನಾನು ಬೈಸಿಕೊಳ್ಳುತ್ತೇನೆ.

ಇನ್ನು ಉಣಿಸುವ ರೀತಿ. ಮೊಬೈಲ್ ಹಚ್ಚಿ ಬಾಯಿಗೆ ತುರುಕಿದರೆ ತುತ್ತು ಒಳಗೆ ಹೋಗುತ್ತದೆ, ನಿಜ. ಆದರೆ ಏನು ತಿಂದೆ, ಹೊಟ್ಟೆ ತುಂಬಿತೋ ಇಲ್ಲವೋ ಅನ್ನುವುದು ಅವನಿಗೆ ಗೊತ್ತೇ ಆಗಲ್ಲ. ಪಲ್ಯ ತಿಂದರೆ ಪೇಢಾ ಕೊಡುತ್ತೇನೆ ಅನ್ನುವುದೂ ಬೇಡ. ಪಲ್ಯ ಶಿಕ್ಷೆ, ಪೇಢಾ ಬಹುಮಾನ ಅಂತ ನಾವೇ ಕಲಿಸಿದ ಹಾಗಾಗುತ್ತದೆ. ಅಮೆರಿಕದಲ್ಲಿ ಎಲಿನ್ ಸ್ಯಾಟರ್ ಅಂತ ಒಬ್ಬ ಆಹಾರ ತಜ್ಞೆ ಇದ್ದಾರೆ. ಏನು, ಯಾವಾಗ, ಎಲ್ಲಿ ಉಣ್ಣಿಸಬೇಕು ಅನ್ನುವುದು ದೊಡ್ಡವರ ಕೆಲಸ, ತಿನ್ನುವುದೋ ಬಿಡುವುದೋ, ಎಷ್ಟು ತಿನ್ನುವುದು ಅನ್ನುವುದು ಮಗುವಿನ ಕೆಲಸ ಅಂತ ಅವರು ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಎರಡೂ ಕೆಲಸ ನಾವೇ ಮಾಡಲು ಹೋಗುತ್ತೇವೆ.

ತಟ್ಟೆಯಲ್ಲಿ ಅವನಿಗೆ ಇಷ್ಟವಾದದ್ದು ಒಂದು ಇರಲಿ, ಅನ್ನ ಮೊಸರು ಏನಾದರೂ. ಪಕ್ಕದಲ್ಲಿ ಮನೆಯವರು ಉಣ್ಣುವ ರೊಟ್ಟಿ ಒಂದು ಚೂರು, ಹೆಸರುಕಾಳು ಪಲ್ಯ ಒಂದು ಚಮಚ. ಮುಟ್ಟಿದರೆ ಮುಟ್ಟಲಿ, ಬಿಟ್ಟರೆ ಬಿಡಲಿ. ಮಾತೇ ಆಡಬೇಡ. ಹೊಸ ರುಚಿ ಹಿಡಿಸಬೇಕು ಅಂದರೆ 8ರಿಂದ 15 ಸಲ ಬೇಕಾಗಬಹುದು. ನಾವು ಮೂರನೇ ಸಲಕ್ಕೇ "ಅವನಿಗೆ ಸೇರಲ್ಲ" ಅಂತ ತೀರ್ಮಾನ ಮಾಡುತ್ತೇವೆ. ಮುಂದೆ ಅವನ ಎದುರಿಗೇ ಬಂದವರಿಗೆಲ್ಲ ಹೇಳುತ್ತೇವೆ. ಅವನೂ ಅದನ್ನೇ ನಂಬುತ್ತಾನೆ.

ರೊಟ್ಟಿ ಮಾತ್ರ ಬಿಸಿ ಇರುವಾಗಲೇ ಕೊಡು. ಜೋಳದಲ್ಲಿ ಗೋಧಿಯ ಜಿಗುಟು ಇಲ್ಲ, ಆರಿದ ಮೇಲೆ ಬಿರುಸಾಗುತ್ತದೆ. ಹಾಲನ್ನ ನುಂಗಿ ರೂಢಿ ಆದವನಿಗೆ ಅಗಿಯೋದೇ ಕಷ್ಟ. ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಮೇಲೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಉದುರಿಸು, ಖಾರ ಕಡಿಮೆ ಇರಲಿ. ಇಡೀ ಶೇಂಗಾ ಕಾಳು ಈ ವಯಸ್ಸಿಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕಡಕ್ ರೊಟ್ಟಿಯನ್ನು ಕೆಲವು ಹುಡುಗರು ಹಪ್ಪಳದ ಹಾಗೆ ಕಟಕಟ ತಿನ್ನುತ್ತಾರೆ, ಅದನ್ನೂ ನೋಡು. ನೀನು ರೊಟ್ಟಿ ಬಡಿಯುವಾಗ ಅವನ ಕೈಗೂ ಒಂದು ಉಂಡೆ ಹಿಟ್ಟು ಕೊಡು. ಹಿಟ್ಟು ಅಡುಗೆಮನೆ ತುಂಬ ಆಗುತ್ತದೆ, ಆಗಲಿ. ಪಲ್ಯಕ್ಕೆ ಖಾರ ಹಾಕುವ ಮೊದಲೇ ಅವನ ಪಾಲು ತೆಗೆದಿಡು. ಮೆಂತ್ಯೆ, ಹಾಗಲಕಾಯಿ ಸದ್ಯ ಪಕ್ಕಕ್ಕಿರಲಿ, ಮಕ್ಕಳ ನಾಲಗೆಗೆ ಕಹಿ ನಮಗಿಂತ ಜಾಸ್ತಿ ಹತ್ತುತ್ತದೆ.

ಮತ್ತೊಂದು. ಒಬ್ಬನೇ ಕೂತು ಉಣ್ಣುವ ಕೂಸು ಕಲಿಯುವುದು ಕಷ್ಟ. ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ ಎಲ್ಲರೂ ಸಾಲಾಗಿ ಕೂತಾಗ ನೋಡು, ಮನೆಯಲ್ಲಿ ಬದನೆಕಾಯಿ ಮುಟ್ಟದವರು ಅಲ್ಲಿ ಪಕ್ಕದವನ ತಟ್ಟೆ ನೋಡಿ ಕೇಳುತ್ತಾರೆ. ಅಂಗನವಾಡಿಯಲ್ಲೂ ಅದೇ ಕಥೆ. ಕಳಿಸು ಅವನನ್ನು, ಸುಮ್ನೆ ಮನೆಯಲ್ಲಿ ಇಟ್ಟುಕೊಳ್ಳಬೇಡ.

ಇಷ್ಟರ ಜೊತೆ ತಾಯಿ ಕಾರ್ಡ್, ಅದೇ ಕೂಸಿನ ತೂಕ ಗುರುತು ಹಾಕುವ ಕಾರ್ಡ್, ತೆಗೆದು ತೂಕದ ಗೆರೆ ನೋಡು. ಹಸಿರು ಪಟ್ಟಿಯಲ್ಲಿ ಮೇಲಕ್ಕೆ ಹೋಗುತ್ತಿದ್ದರೆ ಗಾಬರಿ ಬೇಡ. ಅಡ್ಡಕ್ಕೆ ತಿರುಗಿದ್ದರೆ, ತೂಕ ಇಳಿದಿದ್ದರೆ, ನುಂಗುವಾಗ ಪದೇ ಪದೇ ಕೆಮ್ಮಿ ಓಕರಿಸುತ್ತಿದ್ದರೆ, ಮೊದಲು ತಿನ್ನುತ್ತಿದ್ದ ತಿನಿಸುಗಳನ್ನೂ ಒಂದೊಂದಾಗಿ ಬಿಡುತ್ತಿದ್ದರೆ ಮಕ್ಕಳ ಡಾಕ್ಟರ್ ಹತ್ತಿರ ಹೋಗಲೇಬೇಕು. ರಕ್ತವನ್ನಂತೂ ಹೇಗಿದ್ದರೂ ಪರೀಕ್ಷೆ ಮಾಡಿಸು. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ, ಸಲಕ್ಕೆ 1 ಮಿಲಿ. ಕಾಕಾ, ಟಾನಿಕ್ ಅಂದರೆ ಇದು, ಅದೂ ಪುಕ್ಕಟೆ. ಫೆಬ್ರವರಿ, ಆಗಸ್ಟ್‌ನಲ್ಲಿ ಹುಳದ ಮಾತ್ರೆ ಕೊಡುತ್ತಾರೆ, ಅದು ಹೊಟ್ಟೆಗೆ ಹೋಗಿದೆಯೋ ಇಲ್ಲವೋ ನೆನಪು ಮಾಡಿಕೋ.

ಕಾರ್ಡಿನ ಫೋಟೋ ತೆಗೆದು ಇವತ್ತೇ ಕಳಿಸು. ಗ್ರೂಪಿಗೆ ಬೇಡ, ನನಗೆ ಬೇರೆ ಕಳಿಸು. ಇಲ್ಲಿ ಹಾಕಿದರೆ ಸಂಜೆಯೊಳಗೆ ಇನ್ನೂ ನಾಲ್ಕು ಟಾನಿಕ್ ಬರುತ್ತವೆ.