55 ಇಂಚ್ ಟಿವಿಲಿ ಎಸ್‌ಡಿ ಚಾನೆಲ್ ಯಾಕಿಷ್ಟು ಮಸುಕು?

ಹಳೇ ಡಬ್ಬಾ ಟಿವಿ ತೆಗೆದು 55 ಇಂಚಿನ 4ಕೆ ತಂದೆ, ಎಚ್‌ಡಿ ಸೂಪರ್, ಆದ್ರೆ ಎಸ್‌ಡಿ ಹಾಕಿದ್ರೆ ನ್ಯೂಸ್ ಓದೋರ ಮುಖ ಮೇಣ ಕರಗಿದಂಗೆ, ಕೆಳಗೆ ಓಡೋ ಅಕ್ಷರದ ಸುತ್ತ ಸೊಳ್ಳೆ ಮುತ್ತಿದಂಗೆ ಕಾಣುತ್ತೆ. ಟಿವಿನೇ ಕೆಟ್ಟಿದ್ಯಾ?

> ಟಿವಿ ಸರಿ ಇದೆ ಗುರು. ಎಸ್‌ಡಿ ಅಂದ್ರೆ ಹೆಚ್ಚಂದ್ರೆ 720×576, ಸುಮಾರು 4 ಲಕ್ಷ ಚುಕ್ಕಿ, ನಿಮ್ ಪರದೆಲಿರೋದು 83 ಲಕ್ಷ, ಒಂದೊಂದು ಚುಕ್ಕಿನೂ 20 ಜಾಗಕ್ಕೆ ಎಳೆದು ಹಚ್ಬೇಕು, ಇಲ್ದಿರೋ ವಿವರ ಎಲ್ಲಿಂದ ತರುತ್ತೆ ಪಾಪ. ಆ ಸೊಳ್ಳೆ ಕಂಪ್ರೆಷನ್ನಿಂದ, ಅಂದ್ರೆ ಚಾನೆಲ್ ಕಳ್ಸೋಕೆ ಚಿತ್ರದ ಡೇಟಾ ಕಮ್ಮಿ ಮಾಡೋದ್ರಿಂದ ಬರೋದು.

> ಶಾರ್ಪ್‌ನೆಸ್ ಇಳ್ಸಿ, ಅದು ಸೊಳ್ಳೆನೂ ಸೇರ್ಸಿ ಚೂಪು ಮಾಡುತ್ತೆ. 4:3 ಚಿತ್ರನ (ಹಳೇ ಡಬ್ಬಾ ಟಿವಿ ಆಕಾರದ್ದು) ಅಗಲಕ್ಕೆ ಎಳೀಬೇಡಿ, ಪಕ್ಕದಲ್ಲಿ ಕಪ್ಪು ಪಟ್ಟಿ ಇದ್ರೆ ಇರ್ಲಿ. ಸ್ವಲ್ಪ ದೂರ ಕೂತ್ಕೊಳಿ.

> ಶಾರ್ಪ್‌ನೆಸ್ 50 ಇತ್ತು, 5ಕ್ಕೆ ಇಳಿಸ್ದೆ, ಸೊಳ್ಳೆ ಕಮ್ಮಿ ಆಯ್ತು! ಅಪ್ಪ ಮಾತ್ರ ಕಪ್ಪು ಪಟ್ಟಿ ಬೇಡ ಅಂತ ಮತ್ತೆ ಎಳೆದೇ ನೋಡ್ತಾ ಕೂತಿದಾರೆ.