ಬಣ್ಣ ‘ಆರುವುದು’, ‘ಒಣಗುವುದು’ ಸರಿ, ಅದರ ಮುಂದಿನದಕ್ಕೆ ಏನನ್ನುತ್ತೀರಿ?

ಎಲ್ಲರಿಗೂ ನಮಸ್ಕಾರ.

ಕಾಫಿ ಟೇಬಲ್ ನಾವೇ ಮಾಡಿ ನಾವೇ ಬಣ್ಣ ಬಳಿಯುವುದು ಹೇಗೆ ಅಂತ, ಮರಗೆಲಸ ಗೊತ್ತಿಲ್ಲದವರಿಗೂ ತಿಳಿಯುವ ಹಾಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮರದ ಭಾಗ ಸಲೀಸಾಗಿ ಮುಗಿಯಿತು. ಗರಗಸ, ಉಳಿ, ಬೈರಿಗೆ, ಮೂಲೆಮಟ್ಟ ಎಲ್ಲಕ್ಕೂ ನಮ್ಮಲ್ಲಿ ಹೆಸರಿದೆ. ಪ್ಲೈವುಡ್, ಸ್ಕ್ರೂ, ಪ್ರೈಮರ್ ಇವನ್ನು ಹಾಗೇ ಬಿಟ್ಟಿದ್ದೇನೆ, ಸುಮ್ನೆ ಹೊಸ ಪದ ಹೊಸೆದು ಓದುವವರ ಗೋಳು ಹೊಯ್ದುಕೊಳ್ಳುವುದು ಯಾಕೆ? ಟೀಪಾಯಿ ಅನ್ನಬಹುದಿತ್ತು, ಆದರೆ ಅದರ ಮೂಲ ಮೂರು ಕಾಲು ಅಂತ, ಟೀಗೂ ಅದಕ್ಕೂ ಸಂಬಂಧವಿಲ್ಲ, ನನ್ನದಕ್ಕೆ ನಾಲ್ಕು ಕಾಲು. ಇರಲಿ, ಅದು ಇನ್ನೊಂದು ದಿನದ ಜಗಳ.

ಈಗ ತೊಡಕು ಬಂದಿರುವುದು ಬಣ್ಣ ಬಳಿದು ಬ್ರಷ್ ಕೆಳಗಿಟ್ಟ ಮೇಲಿನ ಹಂತಗಳಲ್ಲಿ.

ನೀರಿನಲ್ಲಿ ಕಲಸುವ ಬಣ್ಣ ಸುಮಾರು ಒಂದು ಗಂಟೆಗೆ ಬೆರಳಿಗೆ ಅಂಟದಂತಾಗುತ್ತದೆ. ಎರಡು ಮೂರು ಗಂಟೆ ಕಳೆದರೆ ಇನ್ನೊಂದು ಕೋಟ್ ಬಳಿಯಬಹುದು. ಆದರೆ ಬಿಸಿ ಲೋಟ ಇಟ್ಟರೂ ಕಲೆ ಬೀಳದಷ್ಟು, ಭಾರದ ಟ್ರೇ ಇಟ್ಟರೂ ಅಂಟಿಕೊಳ್ಳದಷ್ಟು ಗಟ್ಟಿಯಾಗಬೇಕಾದರೆ ಎರಡರಿಂದ ನಾಲ್ಕು ವಾರ ಬೇಕು. ಎನಾಮೆಲ್, ಅಂದರೆ ಎಣ್ಣೆ ಬಣ್ಣ, ಆದರೆ ಮೊದಲ ಎರಡು ಹಂತಕ್ಕೂ ಜಾಸ್ತಿ ಹೊತ್ತು, ಮುಂದಿನ ಕೋಟ್ ಮರುದಿನಕ್ಕೇ. ಅಂದರೆ ಇಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳಿವೆ, ಮೂರಕ್ಕೂ ನಾವು ‘ಒಣಗಿದೆ’ ಅಂದುಬಿಡುತ್ತೇವೆ. ‘ಒಣಗಿದ ಮೇಲೆ ಬಳಸಿ’ ಅಂತ ಬರೆದರೆ ಓದಿದವರು ಅದೇ ಸಂಜೆ ಹೂದಾನಿ ಇಡುತ್ತಾರೆ, ಎತ್ತುವಾಗ ಅದರ ತಳದ ಜೊತೆ ಬಣ್ಣವೂ ಎದ್ದು ಬರುತ್ತದೆ.

ಮೊದಲ ಎರಡಕ್ಕೆ ಕನ್ನಡದಲ್ಲಿ ಆಗಲೇ ಮಾತು ಇದೆ ಅನ್ನಿಸುತ್ತದೆ: ಆರು, ಒಣಗು. ತಲೆಕೂದಲು ಆರುತ್ತದೆ, ಬೆವರು ಆರುತ್ತದೆ, ಕಾಫಿ ಆರಿಹೋಗುತ್ತದೆ. ಮೇಲಿದ್ದ ಪಸೆಯೋ ಬಿಸಿಯೋ ಹೋಯಿತು, ಅಷ್ಟೇ. ಗಿಡ ಮಾತ್ರ ಒಣಗುತ್ತದೆ, ‘ಗಿಡ ಆರಿತು’ ಅಂತ ಯಾರೂ ಅನ್ನುವುದಿಲ್ಲ, ಯಾಕೆಂದರೆ ಅಲ್ಲಿ ಒಳಗಿನ ಹಸಿಯೇ ಹೋಗಿದೆ. ಬಟ್ಟೆಗೆ ಎರಡೂ ನಡೆಯುತ್ತದೆ ನಿಜ. ಆದರೂ ‘ಮೇಲೆ ಆರಿದೆ, ಇನ್ನೂ ಒಣಗಿಲ್ಲ’ ಅಂದರೆ ಯಾರಿಗಾದರೂ ಅರ್ಥವಾಗುತ್ತದೆ ಅಲ್ವಾ? ಹಾಗಾಗಿ ಬೆರಳಿಗೆ ಅಂಟದಿದ್ದರೆ ‘ಆರಿದೆ’, ಮುಂದಿನ ಕೋಟ್‌ಗೆ ಸಿದ್ಧವಾದರೆ ‘ಒಣಗಿದೆ’ ಅಂತ ಇಟ್ಟುಕೊಂಡಿದ್ದೇನೆ. ವ್ಯತ್ಯಾಸ ನೋಡುವುದೂ ಸುಲಭ. 320 ನಂಬರಿನ ನಯವಾದ ಮರಳುಕಾಗದದಿಂದ ಹಗುರವಾಗಿ ಉಜ್ಜಿ. ಪುಡಿಯಾಗಿ ಉದುರಿದರೆ ಒಣಗಿದೆ. ಕಾಗದಕ್ಕೆ ಮೆತ್ತಿಕೊಂಡು ಸಣ್ಣ ಉಂಡೆ ಕಟ್ಟಿದರೆ ಬರೀ ಆರಿದೆ, ಇನ್ನೂ ಕಾಯಬೇಕು.

ಮೂರನೆಯದಕ್ಕೇ ನಿಮ್ಮ ಸಹಾಯ ಬೇಕಾಗಿರುವುದು. ಇಂಗ್ಲಿಷಿನಲ್ಲಿ ಇದಕ್ಕೆ ಅನ್ನುವ ‘ಕ್ಯೂರಿಂಗ್’ ಅಂತಲೇ ಬರೆಯೋಣ ಅಂದರೆ, ಕಟ್ಟಡ ಕಟ್ಟುವವರ ಬಾಯಲ್ಲಿ ಕ್ಯೂರಿಂಗ್ ಅಂದರೆ ಕಾಂಕ್ರೀಟಿಗೆ ನೀರು ಹಾಕುವುದು. ಹೊಸದಾಗಿ ಬಣ್ಣ ಬಳಿದ ಟೇಬಲಿಗೆ ಯಾರಾದರೂ ದಿನಾ ನೀರು ಚಿಮುಕಿಸಿದರೆ ನಾನು ಹೊಣೆಯಲ್ಲ. ‘ಪೂರ್ತಿ ಒಣಗು’ ಅನ್ನಬಹುದು, ಆದರೆ ಅದು ಎರಡನೆಯದರ ಜೊತೆ ಕಲಸಿಹೋಗುತ್ತದೆ. ಅಲ್ಲದೆ ಎಣ್ಣೆ ಬಣ್ಣದಲ್ಲಿ ನಡೆಯುವುದು ಬರೀ ಒಣಗುವುದೂ ಅಲ್ಲ, ತೆಳುವಾಗಿಸಲು ಬೆರೆಸಿದ್ದು ಆರಿಹೋದ ಮೇಲೆ ಉಳಿದ ಎಣ್ಣೆ ಗಾಳಿಯ ಆಮ್ಲಜನಕವನ್ನು ಹಿಡಿದುಕೊಂಡು ಗಟ್ಟಿಯಾಗುತ್ತದೆ, ಏನೋ ಹೋಗುವುದರ ಬದಲು ಏನೋ ಬಂದು ಸೇರುತ್ತದೆ.

ನನಗೆ ಹೊಳೆದದ್ದು ‘ಬಲಿ’, ಅಂದರೆ ಬಲಿಯುವುದು. ಮರಗೆಲಸದವರು ಬಲಿತ ಮರ, ಎಳೆ ಮರ ಅಂತ ಹೇಳಿಯೇ ಹೇಳುತ್ತಾರೆ. ‘ಬಣ್ಣ ಬಲಿಯುವ ತನಕ ಟೇಬಲಿನ ಮೇಲೆ ಏನೂ ಇಡಬೇಡಿ’, ‘ತಳದಲ್ಲಿ ಕಾಣದ ಕಡೆ ಉಗುರು ಒತ್ತಿ ನೋಡಿ, ಗುರುತು ಬಿದ್ದರೆ ಬಣ್ಣ ಇನ್ನೂ ಬಲಿತಿಲ್ಲ’. ನನಗೆ ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಕೈಪಿಡಿಯ ಕರಡು ಓದಿದ ಗೆಳೆಯರೊಬ್ಬರು ಬಣ್ಣ ಬಲಿಯುವುದು ಅಂದರೆ ಬಣ್ಣ ಗಾಢವಾಗುವುದು ಅಂದುಕೊಂಡರು. ‘ಗಟ್ಟಿಯಾಗು’ ಅನ್ನೋಣ ಅಂದರೆ ಡಬ್ಬದ ಮುಚ್ಚಳ ತೆರೆದಿಟ್ಟು ಹಾಳಾದ ಬಣ್ಣಕ್ಕೂ ನಾವು ಅದನ್ನೇ ಅನ್ನುತ್ತೇವೆ. ‘ಕೂರು’ ಅನ್ನೋಣ ಅಂದರೆ ಅದು ಮರಕ್ಕೆ ಹಿಡಿದುಕೊಳ್ಳುವ ಮಾತು, ನುಣುಪು ಜಾಸ್ತಿಯಾದರೆ ಬಣ್ಣ ಕೂರುವುದಿಲ್ಲ ಅನ್ನುತ್ತೇವಲ್ಲ, ಹಾಗೆ.

‘ಆರು’ ಮತ್ತು ‘ಒಣಗು’ ನಿಮ್ಮ ಕಡೆ ಹೀಗೇ ಬೇರೆ ಬೇರೆಯಾ, ಇಲ್ಲ ಎರಡೂ ಒಂದೇನಾ? ‘ಬಣ್ಣ ಬಲಿಯಿತು’ ಅಂದರೆ ನಿಮಗೆ ಮೊದಲು ಏನು ತೋಚುತ್ತದೆ? ನಿಮಗೆ ಬಣ್ಣದ ಕೆಲಸದವರ ಪರಿಚಯವಿದ್ದರೆ ಈ ಪದಗಳನ್ನೆಲ್ಲ ಅವರ ಮುಂದೆ ಹರಡಬೇಡಿ, ‘ಇದರ ಮೇಲೆ ಯಾವಾಗ ಸಾಮಾನು ಇಡಬಹುದು’ ಅಂತ ಮಾತ್ರ ಕೇಳಿ, ಅವರು ಏನಂದರೋ ಅದನ್ನು ಅವರ ಮಾತಿನಲ್ಲೇ ಬರೆದು ಕಳಿಸಿ.